ಸ್ಟಾರ್ ವಾರ್ಸ್ ಎಲ್ಲಿಂದ ಶುರು ಮಾಡಬೇಕು?

ರಜೆ ಬಂತು, ಮನೆಯವರೆಲ್ಲ ಕೂತು ಸ್ಟಾರ್ ವಾರ್ಸ್ ಪೂರ್ತಿ ನೋಡೋಣ ಎಂದು ಹೊರಟವರಿಗೆ ಮೊದಲ ತೊಡಕು ಟಿವಿ ಪರದೆಯ ಮೇಲೇ ಎದುರಾಗುತ್ತದೆ. 1, 2, 3 ಎಂದು ಅಂಕಿ ಹೊತ್ತ ಸಿನಿಮಾಗಳು 1999ರಿಂದ 2005ರ ನಡುವೆ ಬಂದವು. 4, 5, 6 ಎಂಬವು ಅದಕ್ಕೂ ಹಳೆಯವು, 1977ರಿಂದ 1983ರ ನಡುವಿನವು. ಅಂಕಿಯೇ ಇಲ್ಲದ ಸಿನಿಮಾಗಳು ಬೇರೆ ಇವೆ. ಶಿವಮೊಗ್ಗದ ವಿನೋಬನಗರವಿರಲಿ, ಭದ್ರಾವತಿಯ ನ್ಯೂಟೌನ್ ಇರಲಿ, ರಿಮೋಟ್ ಹಿಡಿದವರ ಬೆರಳು ತಾನಾಗಿ 1ರ ಕಡೆಗೇ ಹೋಗುತ್ತದೆ. ಮೊದಲ ಸಲ ನೋಡುವವರು ಮಾಡಬಾರದ್ದು ಅದೊಂದೇ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯ ಗಂಧಗಾಳಿ ಇಲ್ಲದವರು ಸಿನಿಮಾಗಳು ಬಿಡುಗಡೆಯಾದ ಕ್ರಮದಲ್ಲೇ ನೋಡಬೇಕು. ಮೊದಲು 4, 5, 6. ಆಮೇಲೆ 1, 2, 3. ಕೊನೆಗೆ 7, 8, 9. ಕಾರಣ ತಿಳಿದುಕೊಂಡರೆ ಯಾರಿಗೆ ಎಲ್ಲಿ ರಿಯಾಯಿತಿ ಕೊಡಬಹುದು ಎಂಬುದೂ ಗೊತ್ತಾಗುತ್ತದೆ.

ಅಂಕಿ ಹೀಗೇಕೆ?

ಜಾರ್ಜ್ ಲ್ಯೂಕಾಸ್ ನಿರ್ದೇಶನದ ಮೊದಲ ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 1977ರ ಮೇ 25ರಂದು. ಆಗ ಅದರ ಹೆಸರು ಬರೀ ‘ಸ್ಟಾರ್ ವಾರ್ಸ್’. ಅಂಕಿ ಇರಲಿಲ್ಲ. ಮುಂದಿನ ಭಾಗ ತೆಗೆಯಲು ಹಣ ಸಿಗುತ್ತದೆಂಬ ಭರವಸೆಯೂ ಇರಲಿಲ್ಲವಾದ್ದರಿಂದ ಕಥೆಯನ್ನು ಅಲ್ಲಿಗೇ ಮುಗಿಯುವ ಹಾಗೆ ಕಟ್ಟಿದ್ದರು. ಸಿನಿಮಾ ಗೆದ್ದಿತು. 1980ರಲ್ಲಿ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಬಂದಾಗ ಅದರ ಆರಂಭದ ಬರಹದಲ್ಲಿ 5ನೇ ಭಾಗ ಎಂದಿತ್ತು. 1981ರಲ್ಲಿ ಮೊದಲ ಸಿನಿಮಾವನ್ನು ಮತ್ತೆ ಬಿಡುಗಡೆ ಮಾಡಿದಾಗ ಅದಕ್ಕೆ 4ನೇ ಭಾಗ, ‘ಎ ನ್ಯೂ ಹೋಪ್’ ಎಂದು ಹೆಸರಿಟ್ಟರು. 1983ರಲ್ಲಿ 6ನೆಯದು, ‘ರಿಟರ್ನ್ ಆಫ್ ದಿ ಜೇಡೈ’.

ಹದಿನಾರು ವರ್ಷ ಬಿಟ್ಟು ಲ್ಯೂಕಾಸ್ ಕಥೆಯ ಹಿಂದಿನ ಕಾಲಕ್ಕೆ ಹೋದರು. 1999, 2002 ಮತ್ತು 2005ರಲ್ಲಿ ಬಂದ 1, 2, 3ನೇ ಭಾಗಗಳು ಒಂದು ಗಣರಾಜ್ಯ ಒಳಗಿನಿಂದಲೇ ಕುಸಿದು ಸಾಮ್ರಾಜ್ಯವಾದ ಕಥೆ ಹೇಳುತ್ತವೆ. 2012ರಲ್ಲಿ ಡಿಸ್ನಿ ಕಂಪನಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು ಕೊಂಡಿತು. 7, 8, 9ನೇ ಭಾಗಗಳು 2015, 2017 ಮತ್ತು 2019ರಲ್ಲಿ ಬಂದವು. ಅಂದರೆ ಅಂಕಿ ಹೇಳುವುದು ಕಥೆಯೊಳಗಿನ ಕಾಲವನ್ನು. ಕಥೆಯನ್ನು ಯಾವ ಸಾಲಿನಲ್ಲಿ ಕೇಳಬೇಕೆಂದು ಅದು ಹೇಳುವುದಿಲ್ಲ.

ತಿಳಿಯದೆ ನೋಡುವುದು ಒಂದೇ ಸಲ

5ನೇ ಭಾಗದ ಕೊನೆಗೆ ಖಳನಾಯಕ ಡಾರ್ಥ್ ವೇಡರ್ ನಾಯಕ ಲ್ಯೂಕ್‌ಗೆ ಒಂದು ಮಾತು ಹೇಳುತ್ತಾನೆ. ಅಲ್ಲಿಯವರೆಗೆ ನೋಡಿದ್ದೆಲ್ಲ ಆ ಒಂದು ಮಾತಿಗೆ ಅರ್ಥ ಬದಲಿಸುತ್ತದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ.

ಆ ಗುಟ್ಟನ್ನು ಚಿತ್ರತಂಡ ಕಾಪಾಡಿದ ಬಗೆ ಕೇಳಿ. ಚಿತ್ರೀಕರಣಕ್ಕೆ ಕೊಟ್ಟ ಸಂಭಾಷಣೆಯಲ್ಲಿ ಬೇರೆಯದೇ ಸಾಲು ಇತ್ತು. ವೇಡರ್ ವೇಷ ತೊಟ್ಟಿದ್ದ ಡೇವಿಡ್ ಪ್ರೌಸ್ ಸೆಟ್ಟಿನಲ್ಲಿ ಆ ಸುಳ್ಳು ಸಾಲನ್ನೇ ಹೇಳಿದರು. ಮುಖಕ್ಕೆ ಕಪ್ಪು ಮುಖವಾಡ ಇದ್ದದ್ದರಿಂದ ತುಟಿ ಕಾಣುವ ಪ್ರಶ್ನೆಯೇ ಇರಲಿಲ್ಲ. ಎದುರು ನಿಂತು ಮುಖದಲ್ಲಿ ಭಾವ ತೋರಿಸಬೇಕಿದ್ದ ಮಾರ್ಕ್ ಹ್ಯಾಮಿಲ್‌ಗೆ ಮಾತ್ರ ನಿರ್ದೇಶಕ ಇರ್ವಿನ್ ಕೆರ್ಶ್ನರ್ ನಿಜವಾದ ಮಾತನ್ನು ಶಾಟ್‌ಗೆ ಸ್ವಲ್ಪ ಮುಂಚೆ ಹೇಳಿದ್ದರು. ಆಮೇಲೆ ಡಬ್ಬಿಂಗ್‌ನಲ್ಲಿ ಜೇಮ್ಸ್ ಅರ್ಲ್ ಜೋನ್ಸ್ ದನಿಯಲ್ಲಿ ನಿಜವಾದ ಸಾಲು ಸೇರಿತು. ಸೆಟ್ಟಿನಲ್ಲಿದ್ದ ಬಹುತೇಕರು ಅದನ್ನು ಕೇಳಿದ್ದು ಸಿನಿಮಾ ನೋಡಿದಾಗಲೇ.

ಇಷ್ಟು ಜೋಪಾನ ಮಾಡಿದ ಗುಟ್ಟನ್ನು 1, 2, 3ನೇ ಭಾಗಗಳು ಬಿಚ್ಚಿಟ್ಟುಕೊಂಡೇ ಹೊರಡುತ್ತವೆ, ಏಕೆಂದರೆ 1999ರ ಪ್ರೇಕ್ಷಕರಿಗೆ ಅದು ಗೊತ್ತಿತ್ತು. ಅಲ್ಲಿಂದ ಶುರು ಮಾಡಿದವರಿಗೆ 5ನೇ ಭಾಗದ ಆ ಮಾತು ಹಳೇ ಸುದ್ದಿ. ಬೆಚ್ಚಿಬೀಳುವ ಅವಕಾಶ ಒಬ್ಬ ಮನುಷ್ಯನಿಗೆ ಸಿಗುವುದು ಒಂದೇ ಸಲ, ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ.

ತಿಳಿದು ನೋಡುವ ಸುಖ ಬೇರೆ

ಹಾಗಾದರೆ 1, 2, 3 ದಂಡವೇ? ಖಂಡಿತ ಅಲ್ಲ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇದೆ. ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಊರಿನ ಹೆಮ್ಮೆ. ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಹಳೆಯದು. ಮಹಾಭಾರತದಲ್ಲಿ ಅದು ನಾಲ್ಕನೆಯ ಪರ್ವ. ಆದಿಪರ್ವದಿಂದ ಓದಿಲ್ಲವಲ್ಲ ಎಂದು ಯಾರೂ ಎದ್ದು ಹೋಗುವುದಿಲ್ಲ. ಅಡುಗೆಮನೆಯ ವಲಲನೇ ಭೀಮ ಎಂದು ಕೇಳುವವರಿಗೆಲ್ಲ ಗೊತ್ತು, ಕೀಚಕನಿಗೆ ಮಾತ್ರ ಗೊತ್ತಿಲ್ಲ. ಗೊತ್ತಿರುವುದರಿಂದಲೇ ಕೀಚಕ ಸೈರಂಧ್ರಿಯ ಕಡೆಗೆ ಇಡುವ ಒಂದೊಂದು ಹೆಜ್ಜೆಗೂ ಎದೆ ಹೊಡೆದುಕೊಳ್ಳುತ್ತದೆ.

1, 2, 3ನೇ ಭಾಗಗಳು ಕೊಡುವುದು ಈ ಬಗೆಯ ಸುಖವನ್ನು. ಯಾರು ಎಲ್ಲಿಗೆ ಹೋಗಿ ಮುಟ್ಟುತ್ತಾರೆಂದು ಗೊತ್ತಿದ್ದು, ತಪ್ಪಿಸಲಾಗದೆ ನೋಡುತ್ತಾ ಕೂರುವ ಸಂಕಟ ಅದು. ಆದರೆ ಅದಕ್ಕೆ ಮೊದಲು ಗೊತ್ತಿರಬೇಕು, ಗೊತ್ತಾಗುವುದು 4, 5, 6ರಿಂದ. ಈ ಸಾಲಿನಲ್ಲಿ ನೋಡಿದರೆ ಎರಡೂ ಸುಖ ದಕ್ಕುತ್ತದೆ, 1ರಿಂದ ಹೊರಟರೆ ಎರಡೂ ಅರ್ಧಂಬರ್ಧ.

ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಿಸಿದ್ದು. 1977ರ ಆಕಾಶನೌಕೆಗಳು ಕೈಯಲ್ಲಿ ಮಾಡಿದ ಪುಟ್ಟ ಮಾದರಿಗಳು. ಕಂಪ್ಯೂಟರ್ ನಿಯಂತ್ರಣದ ಕ್ಯಾಮೆರಾವನ್ನು ಅವುಗಳ ಸುತ್ತ ಓಡಿಸಿ ಯುದ್ಧದ ದೃಶ್ಯ ತೆಗೆದರು. 1999ರ ಹೊತ್ತಿಗೆ ಊರು, ಸೈನ್ಯ, ಕೆಲವು ಪಾತ್ರಗಳು ಕೂಡ ಕಂಪ್ಯೂಟರಿನಲ್ಲೇ ತಯಾರಾದವು. ಹಳೆಯದರಿಂದ ಹೊಸದಕ್ಕೆ ಬಂದರೆ ತಂತ್ರಜ್ಞಾನ ಬೆಳೆದದ್ದು ಕಾಣುತ್ತದೆ. ಹಿಂದುಮುಂದಾದರೆ ಮಕ್ಕಳು 4ನೆಯದನ್ನು ‘ಹಳೇ ಸಿನಿಮಾ’ ಎಂದು ಅರ್ಧಕ್ಕೇ ಬಿಡುತ್ತಾರೆ.

ಯಾರಿಗೆ ಯಾವ ಕ್ರಮ?

ಏನೂ ಗೊತ್ತಿಲ್ಲದವರಿಗೆ: 4, 5, 6, 1, 2, 3, 7, 8, 9. ಯೋಚನೆ ಬೇಡ.

ನಿಧಾನವಾಗಿ, ಕಥೆಯ ಕಟ್ಟಡ ಗಮನಿಸುತ್ತಾ ನೋಡುವವರಿಗೆ: 4, 5, 1, 2, 3, 6. ಇದು ಫ್ಲ್ಯಾಶ್‌ಬ್ಯಾಕ್ ಕ್ರಮ. 5ರಲ್ಲಿ ಆ ಮಾತು ಕೇಳಿದ ಮೇಲೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಅದು ನಿಜವಾದದ್ದು ಹೇಗೆ ಎಂದು ಹಿಂದಕ್ಕೆ ಹೋಗಿ ನೋಡಿಕೊಂಡು, ಮುಕ್ತಾಯಕ್ಕೆ 6ಕ್ಕೆ ಬರುವುದು. ಇದಕ್ಕೆ ಇನ್ನೊಂದು ಅನುಕೂಲವಿದೆ. ಲ್ಯೂಕಾಸ್ ಹಳೆಯ ಮೂರನ್ನು 1997ರಲ್ಲಿ ತಿದ್ದಿದರು, 2004ರಲ್ಲಿ ಮತ್ತೆ ತಿದ್ದಿದರು. ಆ ಎರಡನೇ ತಿದ್ದುಪಡಿಯಲ್ಲಿ 6ನೇ ಭಾಗದ ಕೊನೆಗೆ ಕಾಣುವ ಒಂದು ಮುಖವನ್ನೇ ಬದಲಿಸಿದರು. 2 ಮತ್ತು 3ನ್ನು ನೋಡಿದವರಿಗೆ ಆ ಮುಖ ಪರಿಚಯ, ನೋಡದವರು ‘ಇವನ್ಯಾರು?’ ಎನ್ನುತ್ತಾರೆ. ಬಿಡುಗಡೆಯ ಕ್ರಮದಲ್ಲಿ ನೋಡುವವರು ಆ ಒಂದು ಕ್ಷಣದ ಗೊಂದಲವನ್ನು ಸಹಿಸಿಕೊಳ್ಳಬೇಕು. 3 ಮುಗಿದ ಮೇಲೆ ಅದು ತಾನಾಗಿ ಬಗೆಹರಿಯುತ್ತದೆ.

ಸಮಯ ಕಡಿಮೆ ಇರುವವರಿಗೆ: 4, 5, 2, 3, 6. ಅಮೆರಿಕದ ರಾಡ್ ಹಿಲ್ಟನ್ 2011ರಲ್ಲಿ ಸೂಚಿಸಿದ ಇದಕ್ಕೆ ‘ಮಶೆಟಿ ಕ್ರಮ’ ಎಂದು ಹೆಸರು. 1ನೇ ಭಾಗ ಬಿಟ್ಟರೂ ಮುಖ್ಯ ಕಥೆಯ ಎಳೆ ತಪ್ಪುವುದಿಲ್ಲ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಮನೆಯಲ್ಲಿ ಮಕ್ಕಳಿದ್ದರೆ 1ನ್ನು ಬಿಡಬೇಡಿ. ಒಂಬತ್ತು ವರ್ಷದ ಹುಡುಗ ಓಟದ ಪಂದ್ಯದಲ್ಲಿ ದೊಡ್ಡವರನ್ನೆಲ್ಲ ಹಿಂದೆ ಹಾಕುವ ಭಾಗ ಅದರಲ್ಲೇ ಇರುವುದು.

ಗುಟ್ಟು ಆಗಲೇ ಗೊತ್ತಿರುವವರಿಗೆ, ಎರಡನೇ ಸಲ ನೋಡುವವರಿಗೆ: 1ರಿಂದ 9ರವರೆಗೆ ನೇರವಾಗಿ ನೋಡಬಹುದು. ಮೂರು ತಲೆಮಾರಿನ ಕಥೆ ಒಂದೇ ಓಟದಲ್ಲಿ ಸಿಗುತ್ತದೆ.

ಅಂಕಿ ಇಲ್ಲದವುಗಳಲ್ಲಿ ‘ರೋಗ್ ಒನ್’ (2016) ಮುಗಿಯುವ ಜಾಗದಿಂದಲೇ 4ನೇ ಭಾಗ ಶುರುವಾಗುತ್ತದೆ. ಹಾಗೆಂದು ಅದನ್ನು ಮೊದಲು ನೋಡಬೇಡಿ. ಅದರ ಕೊನೆಯ ಹತ್ತು ನಿಮಿಷ ಮೈ ಜುಮ್ಮೆನ್ನಿಸುವುದು ವೇಡರ್ ಯಾರೆಂದು ಬಲ್ಲವರಿಗೆ. 6 ಮುಗಿದ ಮೇಲೆ ಯಾವಾಗ ಬೇಕಾದರೂ ನೋಡಬಹುದು. ‘ಸೋಲೋ’ (2018) ಕೂಡ ಹಾಗೆಯೇ. ‘ಆ್ಯಂಡರ್’ ಧಾರಾವಾಹಿ ರೋಗ್ ಒನ್‌ಗೆ ಹಿಂದಿನ ಕಥೆ, ‘ದಿ ಮ್ಯಾಂಡಲೋರಿಯನ್’ 6ನೇ ಭಾಗದ ನಂತರದ್ದು. ಧಾರಾವಾಹಿಗಳನ್ನೆಲ್ಲ ಸಿನಿಮಾಗಳಾದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ನೋಡುವ ಬಗೆ

ಒಂಬತ್ತು ಭಾಗಗಳಿಗೆ ಸುಮಾರು 20 ಗಂಟೆ ಬೇಕು, ‘ರೋಗ್ ಒನ್’, ‘ಸೋಲೋ’ ಎರಡನ್ನೂ ಸೇರಿಸಿದರೆ ಸುಮಾರು 25. ಒಂದೇ ರಜೆಯಲ್ಲಿ ರಾತ್ರಿ ಹಗಲು ನೋಡಿ ಮುಗಿಸಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಶನಿವಾರ ರಾತ್ರಿ 4, ಭಾನುವಾರ 5. ಇವೆರಡು ಬೆನ್ನಿಗೆ ಬೆನ್ನು ಬರಲಿ. 5 ಕಥೆಯನ್ನು ನಡುನೀರಿನಲ್ಲಿ ಬಿಟ್ಟು ಮುಗಿಯುತ್ತದೆ, ಆದ್ದರಿಂದ 6ನ್ನು ಮುಂದಿನ ವಾರ ತಪ್ಪಿಸಬೇಡಿ. ಆಮೇಲೆ ವಾರಕ್ಕೊಂದರಂತೆ ಹೋದರೆ ಸಾಕು. ಭದ್ರಾವತಿ ಕಾರ್ಖಾನೆಯ ಶಿಫ್ಟ್ ಲೆಕ್ಕದಲ್ಲೇ ಬೆಳೆದ ಊರು. ಮನೆಯಲ್ಲಿ ಒಬ್ಬರಿಗೆ ನೈಟ್ ಶಿಫ್ಟ್ ಇದ್ದರೆ ಆ ವಾರ ಬಿಟ್ಟು ಕಾಯಿರಿ, ಅವರಿಲ್ಲದೆ 5ನ್ನಂತೂ ನೋಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ. ಸಿನಿಮಾ ನೋಡುವ ಆ್ಯಪ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಅಂಕಿ ಇರುವ ಪ್ರತಿ ಭಾಗದ ಆರಂಭದಲ್ಲಿ ಕಪ್ಪು ಆಕಾಶದಲ್ಲಿ ಹಳದಿ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಸರಿದು ಹೋಗುತ್ತವೆ. ಹಿಂದೆ ಏನಾಯಿತೆಂಬುದು ಅದರಲ್ಲಿರುತ್ತದೆ. ಇಂಗ್ಲಿಷ್ ವೇಗವಾಗಿ ಓದಲಾಗದ ಅಜ್ಜಿ, ತಾತ, ಚಿಕ್ಕ ಮಕ್ಕಳು ಇದ್ದರೆ ಅಲ್ಲಿ ಪಾಝ್ ಒತ್ತಿ, ಮನೆಯಲ್ಲಿ ಒಬ್ಬರು ಅದನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಲಿ. ಈ ಒಂದು ನಿಮಿಷ ಕೊಟ್ಟರೆ ಮುಂದೆ ಎರಡು ಗಂಟೆ ‘ಇದ್ಯಾರು, ಅದ್ಯಾಕೆ’ ಎಂಬ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. 3ನೇ ಭಾಗದ ಕೊನೆ ಮಾತ್ರ ಕ್ರೂರವಾಗಿದೆ. ಮೊದಲ ಆರರಲ್ಲಿ ಅಮೆರಿಕದ ರೇಟಿಂಗ್ ಮಂಡಳಿ ಹದಿಮೂರರ ಒಳಗಿನ ಮಕ್ಕಳ ಬಗ್ಗೆ ಪೋಷಕರಿಗೆ ಬಲವಾದ ಎಚ್ಚರಿಕೆ ಕೊಟ್ಟದ್ದು ಅದೊಂದಕ್ಕೇ. ಚಿಕ್ಕವರಿದ್ದರೆ ದೊಡ್ಡವರು ಮೊದಲೇ ಒಮ್ಮೆ ನೋಡಿಕೊಳ್ಳಿ.

ಸಿನಿಮಾ ಮುಗಿದ ಕೂಡಲೇ ಎದ್ದು ಹೋಗಬೇಡಿ, ಮಾತಾಡಿ. ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲಿ ಶುರುವಾಗಿ, ಜಗತ್ತಿನ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯವರು ಒಟ್ಟಿಗೆ ಕೂತು ನೋಡಿ ಚರ್ಚಿಸುವ ರೂಢಿ ಬೆಳೆಸಿತು. ಲ್ಯೂಕಾಸ್ ತಮ್ಮ ಕಥೆಗೆ ಜಪಾನಿನ ಕುರೊಸಾವಾ ಅವರ ‘ದಿ ಹಿಡನ್ ಫೋರ್ಟ್ರೆಸ್’ (1958) ಚಿತ್ರದಿಂದ ಪ್ರೇರಣೆ ಪಡೆದದ್ದು, ದೊಡ್ಡ ಯುದ್ಧವನ್ನು ಇಬ್ಬರು ಸಣ್ಣ ಮನುಷ್ಯರ ಕಣ್ಣಿನಿಂದ ತೋರಿಸುವ ಉಪಾಯವನ್ನು ಅಲ್ಲಿಂದ ತಂದದ್ದು, ಇಂಥ ವಿಷಯಗಳೆಲ್ಲ ನಿಮ್ಮ ಮನೆಯ ಮಾತುಕತೆಗೆ ಒದಗುತ್ತವೆ. 4ನೇ ಭಾಗದಲ್ಲಿ ಆ ಇಬ್ಬರ ಜಾಗದಲ್ಲಿ ಎರಡು ರೋಬೋಗಳಿವೆ.

ಬೇರೆ ಸರಣಿಗಳಿಗೂ ಇದೇ ಪರೀಕ್ಷೆ

ಯಾವುದೇ ಸರಣಿ ಹಿಡಿಯುವ ಮುನ್ನ ಅದರ ಜಾತಿ ಯಾವುದೆಂದು ನೋಡಿ. ರಾಜ್‌ಕುಮಾರ್ ಅವರ ಸಿಐಡಿ 999 ಸಿನಿಮಾಗಳನ್ನು ತೆಗೆದುಕೊಳ್ಳಿ. ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978). ಒಂದೊಂದರದೂ ಬಿಡಿ ಕಥೆ, ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರದ ಸುತ್ತ ಸುತ್ತುವ ‘ಜೇಡರ ಬಲೆ’ಯಿಂದಲೇ ಹೊರಡಬೇಕೆಂದೇನಿಲ್ಲ. ‘ಕೆಜಿಎಫ್’, ‘ಅವತಾರ್’ ಮುಂದಕ್ಕೇ ಹರಿಯುವ ಕಥೆಗಳು, ಬಂದ ಸಾಲಿನಲ್ಲೇ ನೋಡಬೇಕು.

ಹಿಂದಿನ ಕಾಲಕ್ಕೆ ಹೋಗುವ ಸರಣಿಗಳಲ್ಲಿ ಮಾತ್ರ ಎಚ್ಚರ ಬೇಕು. 2025ರಲ್ಲಿ ಬಂದ ‘ಕಾಂತಾರ: ಅಧ್ಯಾಯ 1’ ನಡೆಯುವುದು 2022ರ ‘ಕಾಂತಾರ’ಕ್ಕಿಂತ ಶತಮಾನಗಳ ಹಿಂದೆ, ಆದರೂ 2022ರದ್ದನ್ನು ಮೊದಲು ನೋಡಿದವರಿಗೇ ಅದರ ಪೂರ್ಣ ಬೆಲೆ ತಿಳಿಯುವುದು. ‘ಏಲಿಯನ್’ ಸರಣಿಯಲ್ಲೂ ಹಾಗೆ. ಕಥೆಯ ಕಾಲದಲ್ಲಿ ‘ಪ್ರೊಮೀಥಿಯಸ್’ (2012) ಮೊದಲಿನದಾದರೂ, 1979ರ ‘ಏಲಿಯನ್’ನ ಭಯ ಇರುವುದು ಆ ಪ್ರಾಣಿ ಎಂಥದ್ದೆಂದು ಗೊತ್ತಿಲ್ಲದಿರುವುದರಲ್ಲಿ. ‘ಟರ್ಮಿನೇಟರ್’ನಲ್ಲಿ 1984 ಮತ್ತು 1991ರ ಎರಡು ನೋಡಿ. 2019ರದ್ದು ನಡುವಿನ ಸಿನಿಮಾಗಳನ್ನೆಲ್ಲ ಪಕ್ಕಕ್ಕಿಟ್ಟು ಆ ಎರಡನೆಯದರಿಂದಲೇ ಮುಂದುವರಿಯುತ್ತದೆ.

ಕೊನೆಯದಾಗಿ, ಆಗಲೇ ನೋಡಿದವರಿಗೆ ಒಂದು ಮಾತು. ಶಿವಮೊಗ್ಗದ ಅಕ್ಕ ನೋಡಿ ಮುಗಿಸಿರುತ್ತಾಳೆ, ಭದ್ರಾವತಿಯ ತಮ್ಮ ಇನ್ನೂ 4ರಲ್ಲಿರುತ್ತಾನೆ, ಇಬ್ಬರೂ ಒಂದೇ ವಾಟ್ಸಾಪ್ ಗುಂಪಿನಲ್ಲಿರುತ್ತಾರೆ. ಅವನಿಗೆ ಕ್ರಮ ಹೇಳಿಕೊಡಿ, ಪಕ್ಕದಲ್ಲಿ ಕೂತು ಜೊತೆಗೆ ನೋಡಿ, ಬಂದ ಅನುಮಾನ ಬಗೆಹರಿಸಿ. 5ನೇ ಭಾಗದ ಆ ಮಾತನ್ನು ಮಾತ್ರ ವೇಡರ್ ಬಾಯಿಂದಲೇ ಕೇಳಲು ಬಿಡಿ.