ಲೆಕ್ಕಕ್ಕೆ ಬಾರದ ವಸತಿ ಯೋಜನೆ

ವಸತಿ ಇಲಾಖೆಯ ಅನುದಾನದ ಮೇಲೆ ವಿಧಾನಮಂಡಲದಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಯಾವ ಪಂಚಾಯಿತಿಗೆ ಎಷ್ಟು ಮನೆ, ಫಲಾನುಭವಿಗಳ ಪಟ್ಟಿಯಿಂದ ಯಾರ ಹೆಸರು ಬಿಟ್ಟುಹೋಯಿತು, ಯಾವ ಕಂತು ಬಾಕಿ ಉಳಿಯಿತು ಎಂಬುದೆಲ್ಲ ಸದನದ ಮುಂದೆ ಬರುತ್ತದೆ. ಬರಬೇಕಾದದ್ದೇ. ಆದರೆ ಇದರ ಪಕ್ಕದಲ್ಲೇ ಇನ್ನೊಂದು ವಸತಿ ಯೋಜನೆ ದಶಕಗಳಿಂದ ಸದ್ದಿಲ್ಲದೆ ನಡೆದುಬಂದಿದೆ. ಅದಕ್ಕೆ ಗ್ರಾಮಸಭೆಯ ಆಯ್ಕೆ ಇಲ್ಲ, ಸ್ಥಳ ತನಿಖೆಯೂ ಇಲ್ಲ. ಅದರ ಫಲಾನುಭವಿಗಳಲ್ಲಿ ನಾನೂ ಒಬ್ಬ.

ಗೃಹಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ದೊರೆಯುವ ವಿನಾಯಿತಿಯ ಮಾತಿದು. ಈ ಶತಮಾನದ ಆರಂಭದಲ್ಲಿ 1.5 ಲಕ್ಷ ರೂಪಾಯಿಗೆ ಏರಿದ್ದ ಇದರ ಮಿತಿಯನ್ನು 2014ರ ಬಜೆಟ್ 2 ಲಕ್ಷಕ್ಕೆ ಹೆಚ್ಚಿಸಿತು. ಬೊಕ್ಕಸದಿಂದ ಹೊರಹೋದ ಹಣವನ್ನು ವೆಚ್ಚ ಎನ್ನುತ್ತೇವೆ. ಬೊಕ್ಕಸಕ್ಕೆ ಬರಬೇಕಾದುದನ್ನು ಬಿಟ್ಟುಕೊಟ್ಟರೆ ರಿಯಾಯಿತಿ ಎನ್ನುತ್ತೇವೆ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಎರಡರ ಪರಿಣಾಮವೂ ಒಂದೇ. ಆದರೂ ಬಿಟ್ಟುಕೊಟ್ಟ ತೆರಿಗೆಯ ವಿವರಪಟ್ಟಿಯನ್ನು ಕೇಂದ್ರ ಬಜೆಟ್ಟಿನೊಂದಿಗೆ ಮಂಡಿಸುವ ಪದ್ಧತಿ ಆರಂಭವಾದದ್ದು 2006-07ರಲ್ಲಷ್ಟೇ.

ಲೆಕ್ಕ ಸರಳ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವ ಅಧಿಕಾರಿಯೊಬ್ಬ ಪೂರ್ತಿ 2 ಲಕ್ಷ ರೂಪಾಯಿ ಬಡ್ಡಿ ತೋರಿಸಿದರೆ, ಶೇ 4ರ ಸೆಸ್ ಸೇರಿ, ವರ್ಷಕ್ಕೆ 62,400 ರೂಪಾಯಿ ಉಳಿಯುತ್ತದೆ. ಶೇ 20ರ ಹಂತದ ನೌಕರನಿಗೆ ಉಳಿಯುವುದು 41,600. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಆಟೊ ಚಾಲಕ ಅಷ್ಟೇ ಬಡ್ಡಿ ಕಟ್ಟಿದರೂ ಅವನ ಪಾಲಿಗೆ ಸೊನ್ನೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಡಿ ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ಬಡ ಕುಟುಂಬಕ್ಕೆ ಕೇಂದ್ರ ನೀಡುತ್ತಿದ್ದ ನೆರವು 1.5 ಲಕ್ಷ ರೂಪಾಯಿ, ಅದೂ ಒಮ್ಮೆ ಮಾತ್ರ. ನಮ್ಮ ಅಧಿಕಾರಿ ಅಷ್ಟನ್ನು ಮೂರನೆಯ ವರ್ಷದೊಳಗೆ ಉಳಿಸಿಕೊಂಡಿರುತ್ತಾನೆ. ಅದೇ ಯೋಜನೆಯಲ್ಲಿ 2021ರ ಮಾರ್ಚ್‌ವರೆಗೆ ವಾರ್ಷಿಕ 18 ಲಕ್ಷ ರೂಪಾಯಿ ಆದಾಯದವರಿಗೂ 2.30 ಲಕ್ಷದವರೆಗೆ ಬಡ್ಡಿ ಸಹಾಯಧನ ದೊರೆಯುತ್ತಿತ್ತು. ಸಾಲ ಪಡೆದ ಬಡವರಿಗೆ ಇದಕ್ಕಿಂತ ತುಸು ಹೆಚ್ಚೇ ಇತ್ತು, ನಿಜ. ಆದರೆ ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕುಗಳು ಎಷ್ಟು ಉತ್ಸಾಹದಿಂದ ಗೃಹಸಾಲ ಕೊಡುತ್ತವೆ ಎಂಬುದನ್ನು ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ನಗರಗಳ ವಸತಿ ಕೊರತೆಯನ್ನು 1.878 ಕೋಟಿ ಮನೆಗಳೆಂದು ಅಂದಾಜಿಸಿತು. ಅದರ ಶೇ 95ಕ್ಕೂ ಹೆಚ್ಚು ಭಾಗ ಆರ್ಥಿಕವಾಗಿ ದುರ್ಬಲರ ಹಾಗೂ ಕಡಿಮೆ ಆದಾಯದವರ ಕೊರತೆ. 2011ರ ಜನಗಣತಿಯೋ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇವೆ ಎಂದಿತು. ಮನೆಯಿಲ್ಲದವರೂ ಜನವಿಲ್ಲದ ಮನೆಗಳೂ ಒಂದೇ ಊರಿನಲ್ಲಿ! ಇಷ್ಟಾದರೂ 2019ರ ಬಜೆಟ್, ಎರಡನೆಯ ಮನೆಯ ಕಾಲ್ಪನಿಕ ಬಾಡಿಗೆಯ ಮೇಲಿದ್ದ ತೆರಿಗೆಯನ್ನು ಕೈಬಿಟ್ಟಿತು. ಎರಡನೆಯ ಮನೆಗೆ ಬೀಗ ಹಾಕಿಟ್ಟುಕೊಳ್ಳುವುದು ಇನ್ನಷ್ಟು ಅಗ್ಗವಾಯಿತು.

ಇನ್ನು ಸ್ಥಳೀಯ ತೆರಿಗೆ. ಬೆಂಗಳೂರಿನಲ್ಲಿ 2008ರಲ್ಲಿ ಜಾರಿಗೆ ಬಂದ ಆಸ್ತಿ ತೆರಿಗೆ ಪದ್ಧತಿಯಲ್ಲಿ, ಅತ್ಯುತ್ತಮ ವಲಯದ ಆರ್‌ಸಿಸಿ ಮನೆಯಲ್ಲಿ ಮಾಲೀಕನೇ ವಾಸವಿದ್ದರೆ ಆರಂಭದಲ್ಲಿ ಚದರಡಿಗೆ 2.50 ರೂಪಾಯಿ ದರವಿತ್ತು, ಬಾಡಿಗೆದಾರನಿದ್ದರೆ 5 ರೂಪಾಯಿ. ಮಾಲೀಕನಿಗೆ ಬಾಡಿಗೆಯ ಆದಾಯವಿದೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಮನೆಗಳ ಅಭಾವವಿರುವ ಊರಿನಲ್ಲಿ ಈ ಹೊರೆ ಎಲ್ಲಿಗೆ ಇಳಿಯುತ್ತದೆ? ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟಿರುವ ನಾನು, ಬಾಡಿಗೆ ಗೊತ್ತುಮಾಡುವಾಗ ಅದನ್ನು ಸೇರಿಸಿಯೇ ಹೇಳಿದ್ದೇನೆ.

ಭೂಮಿಯ ಬಾಡಿಗೆ ತೆರಿಗೆಗೆ ಅತ್ಯಂತ ಯೋಗ್ಯವಾದ ವಸ್ತು ಎಂದು ಆಡಂ ಸ್ಮಿತ್ 1776ರಲ್ಲೇ ವಾದಿಸಿದ್ದ. ತೆರಿಗೆ ಹಾಕಿದರೆ ಭೂಮಿ ಓಡಿಹೋಗುವುದಿಲ್ಲ, ರಿಯಾಯಿತಿ ಕೊಟ್ಟರೆ ಹೆಚ್ಚುವುದೂ ಇಲ್ಲ. ನಿವೇಶನಗಳ ಪೂರೈಕೆ ಬಿಗಿಯಾಗಿರುವಲ್ಲಿ ಬಡ್ಡಿ ವಿನಾಯಿತಿಯ ಬಹುಪಾಲು ಬೆಲೆಯೊಳಗೆ ಸೇರಿ, ಭೂಮಿ ಮಾರಿದವನ ಕೈ ಸೇರುತ್ತದೆ. ಮೆಟ್ರೊ ನಮ್ಮ ಬಡಾವಣೆಯ ಸಮೀಪಕ್ಕೆ ಬಂದ ಮೇಲೆ ನನ್ನ ನಿವೇಶನದ ಬೆಲೆ ಏರಿತು. ಅದಕ್ಕಾಗಿ ನಾನು ಒಂದು ಇಟ್ಟಿಗೆಯನ್ನೂ ಇಟ್ಟವನಲ್ಲ. ನಮ್ಮ ಮನೆಗೆಲಸಕ್ಕೆ ಬರುವ ಹೆಣ್ಣುಮಗಳು ಮಾತ್ರ, ಬಾಡಿಗೆ ಏರಿತೆಂದು ಎರಡು ಬಸ್ಸು ಬದಲಿಸಬೇಕಾದಷ್ಟು ದೂರಕ್ಕೆ ಹೋದಳು.

2023-24ರಿಂದ ಮೂಲ ಪದ್ಧತಿಯಾಗಿರುವ ಹೊಸ ತೆರಿಗೆ ವ್ಯವಸ್ಥೆಯಲ್ಲಿ, ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವಿಲ್ಲ. ಇದನ್ನು ಸ್ವಾಗತಿಸುತ್ತೇನೆ. ಆದರೆ ಹೀಗೆ ಉಳಿದ ಹಣ ನಮಗೇ ಕಡಿಮೆ ದರಗಳ ರೂಪದಲ್ಲಿ ಮರಳಿತೇ ಹೊರತು, ಕೆಲಸದ ಸ್ಥಳಕ್ಕೆ ಹತ್ತಿರದ ಬಾಡಿಗೆ ಮನೆಗಳಾಗಲಿಲ್ಲ. ಪ್ರಾಮಾಣಿಕವಾಗಿ ತೆರಿಗೆ ಕಟ್ಟುವವರು ನಾವೇ, ನಮಗಿದ್ದ ಒಂದು ಸೌಲಭ್ಯದ ಮೇಲೂ ಕಣ್ಣೇ ಎಂದು ಮಿತ್ರರು ಕೇಳುತ್ತಾರೆ. ಆಕೆಯೂ ಸೋಪು, ಮೊಬೈಲ್ ಕರೆನ್ಸಿಯ ಮೇಲೆ ತೆರಿಗೆ ಕಟ್ಟುತ್ತಾಳೆ. ಸಂಬಳದಾರರಿಗಿರುವ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಅವಳಿಗಿಲ್ಲ. ಪಿಂಚಣಿಯನ್ನೇ ನಂಬಿದ ವೃದ್ಧ ಮಾಲೀಕರಿಗೆ ಏರಿದ ಭೂ ತೆರಿಗೆ ಹೊರೆಯಾದೀತೆಂಬ ಆಕ್ಷೇಪ ನ್ಯಾಯವಾದದ್ದು. ಅಂಥವರ ಬಾಕಿಯನ್ನು ಆಸ್ತಿ ಪರಭಾರೆಯಾಗುವ ದಿನ ವಸೂಲು ಮಾಡಬಹುದು.

ಬಾಡಿಗೆಯವರಿಗೆ ಸರ್ಕಾರದಿಂದ ಏನಾದರೂ ಇದೆಯೇ ಎಂದು ಆಕೆ ಒಮ್ಮೆ ಕೇಳಿದ್ದಳು. ಮನೆ ಕಟ್ಟಿಕೊಳ್ಳಲು ಸಹಾಯಧನವಿದೆ ಎಂದೆ. ಅದಕ್ಕೆ ಯಾವ ಕಾಗದ ಬೇಕು ಎಂದಳು. ಮೊದಲು ನಿವೇಶನದ ಹಕ್ಕುಪತ್ರ ಎಂದು ಹೇಳಬೇಕಾಯಿತು.