ಗಾಳಿಗೆ ಗಡಿಯುಂಟೆ?

ಮಾಗಿಯ ಒಂದು ಬೆಳಿಗ್ಗೆ ಅತ್ತಿಬೆಲೆಯಲ್ಲಿ, ನಿವೃತ್ತ ಉಪಾಧ್ಯಾಯ ಮಿತ್ರರೊಬ್ಬರ ಜಗಲಿಯ ಮೇಲೆ ಕುಳಿತಿದ್ದೆ. ಮೂಡಣ ಗಾಳಿಯೊಡನೆ ಹೊಗೆಯ ಕಮಟು ಬರುತ್ತಿತ್ತು. ಒಳಗೆ ಅವರ ಮೊಮ್ಮಗಳು ಕೆಮ್ಮುತ್ತಿದ್ದಳು.

“ದೂರು ಬರೆಯಬೇಕೆಂದಿದ್ದೇನೆ. ಬೆಂಗಳೂರಿಗೆ ಬರೆಯಲೋ, ಚೆನ್ನೈಗೆ ಬರೆಯಲೋ, ನೀವೇ ಹೇಳಿ” ಎಂದರು.

ನಾನು ನಿರುತ್ತರನಾದೆ. ಮೂಡಲಿಗೆ ಹೊಸೂರಿನ ಕಾರ್ಖಾನೆಗಳು; ಅದು ತಮಿಳುನಾಡು. ಇತ್ತ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ. ನಡುವೆ ಲಾರಿಗಳ ಹೆದ್ದಾರಿ. 1981ರ ವಾಯು ಕಾಯಿದೆಯಂತೆ ರಾಜ್ಯಕ್ಕೊಂದು ಮಂಡಳಿಯುಂಟು. ಅದರ ಅಧಿಕಾರ ಗಡಿಕಲ್ಲಿನವರೆಗೆ. ಮಂಡಳಿಗಳ ನಡುವಣ ವಿವಾದವನ್ನು ಪರಿಹರಿಸುವ ಹೊಣೆ, 16ನೆಯ ಪ್ರಕರಣದಂತೆ, ಕೇಂದ್ರ ಮಂಡಳಿಯದು. ಆದರೆ ಮಂಡಳಿಗಳು ವಿವಾದ ಹೂಡಿದರೆ ತಾನೆ ಪರಿಹಾರ? ಕೆಮ್ಮುವ ಕೂಸು ಮಂಡಳಿಯಲ್ಲವಲ್ಲ!

ದಾರಿಯೇ ಇಲ್ಲವೆಂದಲ್ಲ. ಕೆನಡಾದ ಟ್ರೇಲ್ ಎಂಬ ಊರಿನ ಲೋಹದ ಕಾರ್ಖಾನೆಯ ಗಂಧಕದ ಹೊಗೆ ಅಮೆರಿಕದ ಬೆಳೆಗಳನ್ನು ಕೆಡಿಸಿತು. ತನ್ನ ನೆಲದ ಹೊಗೆಯಿಂದ ನೆರೆಯ ನಾಡಿಗೆ ಗಂಭೀರ ಹಾನಿಯೆಸಗುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು 1941ರಲ್ಲಿ ಪಂಚಾಯ್ತಿ ನ್ಯಾಯಮಂಡಲಿ ತೀರ್ಪಿತ್ತಿತು. ದೆಹಲಿಯ ಗಾಳಿಗಾಗಿ 2021ರಲ್ಲಿ ಸಂಸತ್ತು, ನೆರೆಯ ನಾಲ್ಕು ರಾಜ್ಯಗಳ ಮೇಲೂ ಮಾತು ನಡೆಯುವಂಥ ಆಯೋಗಕ್ಕೆ ಕಾಯಿದೆ ಮಾಡಿತು. ನಮ್ಮ ಈ ಗಡಿಗೆ ಅಂಥದೊಂದಿಲ್ಲ.

ಹಾಗೆಂದು ನೆರೆಯವರನ್ನಷ್ಟೇ ದೂರುವುದು ನ್ಯಾಯವೆ? ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ನಮ್ಮ ಹೊಗೆ ಹೊಸೂರಿನ ಮಕ್ಕಳ ಪಾಲು.

“ಮೂರು ಪ್ರತಿ ಬರೆಯಿರಿ, ಮೇಷ್ಟ್ರೇ. ಬೆಂಗಳೂರಿಗೊಂದು, ಚೆನ್ನೈಗೊಂದು, ದೆಹಲಿಗೊಂದು. ಮೂರರಲ್ಲೂ ನಮ್ಮ ಹೊಗೆಯ ಮಾತನ್ನೂ ಸೇರಿಸಿ” ಎಂದೆ.

ಅವರು ಒಳಗೆ ಹೋಗಿ ಕಾಗದ ತಂದರು.