ಸುದ್ದಿ ಬರೋತನಕ

ಮಳೆಗಾಲ ಜೋರಾದರೆ ಹೊಳೆಆಲೂರು, ಮೆಣಸಗಿ, ಕೊಣ್ಣೂರು, ಲಖಮಾಪುರದ ಕಡೆ ಜನರ ಮಾತು ಮಲಪ್ರಭೆಯ ಅಣೆಕಟ್ಟಿನ ಕುರಿತ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ‘ನವಿಲುತೀರ್ಥದಾಗ ಎಷ್ಟ ನೀರ ಬಿಟ್ಟಾರಂತ?’ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ಹಗಲು ರಾತ್ರಿ ಇದೇ ಮಾತು. ಆರೋಗ್ಯ ಸಹಾಯಕಿಯಾಗಿ ಆಗ ಆ ಜನರ ನಡುವೆಯೇ ಓಡಾಡುತ್ತಿದ್ದೆ. ಮನೆಯೊಳಗೆ ನೀರು ಹೊಕ್ಕು, ಗಂಟುಮೂಟೆ ಕಟ್ಟಿಕೊಂಡು ಬಂದವರು ಅತ್ತರು, ಉಂಡರು, ಕಡೆಗೆ ಮಲಗಿದರು. ನಿದ್ದೆ ಇಲ್ಲದೆ ಕುಳಿತವರು ಎತ್ತರದ ಓಣಿಯವರು. ‘ಬಂದ್ರ ಬಂತು, ಬರದನೂ ಇರಬಹುದು’ ಎನ್ನುವ ಸ್ಥಿತಿಯವರು. ಅವರ ಬಿ.ಪಿ. ಏರಿತ್ತು, ಬಾಯಿ ಒಣಗಿತ್ತು, ತಾಟಿನಲ್ಲಿ ಬಡಿಸಿದ್ದು ಹಾಗೇ ಆರುತ್ತಿತ್ತು.

ಅದನ್ನು ಪುಕ್ಕಲುತನ ಎಂದವರೂ ಇದ್ದರು. ಅದು ಪುಕ್ಕಲುತನವಲ್ಲ, ಮೈಯ ಸ್ವಭಾವ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 45 ಮಂದಿಗೆ ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಂಥ ಕರೆಂಟಿನ ಹೊಡೆತ. ಹೊಡೆತ ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದಾಗ ಅವರು ಅಷ್ಟು ಬೆವರಲಿಲ್ಲ. ಬೀಳುವುದೋ ಬಿಡುವುದೋ ಅರ್ಧಕ್ಕರ್ಧ ಎನ್ನುವಾಗಲೇ ಬೆವರಿದ್ದು ಹೆಚ್ಚು, ಕಣ್ಣಿನ ಪಾಪೆ ಹಿಗ್ಗಿದ್ದು ಹೆಚ್ಚು. ಕೆಟ್ಟದ್ದು ಖಚಿತವಾದರೆ ಜೀವ ಅದಕ್ಕೆ ಅಣಿಯಾಗುತ್ತದೆ. ಖಚಿತವಾಗದಿದ್ದರೆ ಎರಡಕ್ಕೂ ಅಣಿಯಾಗಿ, ಎರಡನ್ನೂ ಮತ್ತೆ ಮತ್ತೆ ತಿರುವಿ ಹಾಕುತ್ತಿರುತ್ತದೆ.

ಆಸ್ಪತ್ರೆಯ ವರದಿಗೆ ಕಾಯುವಾಗಲೂ ಹೀಗೆಯೇ. ಗಜೇಂದ್ರಗಡದ ನೇಕಾರ ಹೆಣ್ಣುಮಗಳೊಬ್ಬಳಿಗೆ ಎದೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಗೆ ಹೋಗಿ ಬಯಾಪ್ಸಿ ಮಾಡಿಸಿಕೊಂಡು ಬಂದಳು. ಸಿಕ್ಕಾಗಲೆಲ್ಲ ನನ್ನನ್ನು ಕೇಳುತ್ತಿದ್ದಳು: ‘ಅಕ್ಕಾರ, ಇಷ್ಟ ತಡಾ ಮಾಡಾಕತ್ತಾರಂದ್ರ ಏನರ ಕೆಟ್ಟದ್ದ ಇರಬೇಕಲ್ಲರಿ?’ ಈ ಪ್ರಶ್ನೆ ನೂರಾರು ಮನೆಗಳಲ್ಲಿ ಇದೆ, ಅದಕ್ಕೇ ಉತ್ತರವನ್ನು ಬಿಡಿಸಿ ಹೇಳುತ್ತೇನೆ. ಬಯಾಪ್ಸಿಯಲ್ಲಿ ಗಂಟಿನಿಂದ ತೆಗೆದ ಚೂರನ್ನು ಕೆಡದಂತೆ ಮೊದಲು ಫಾರ್ಮಲಿನ್ನಿನಲ್ಲಿ ನೆನೆಯಿಡುತ್ತಾರೆ. ಅದಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು. ಆಮೇಲೆ ನೀರಿನಂಶ ತೆಗೆದು ಮೇಣದಲ್ಲಿ ಹುದುಗಿಸಿ ಗಟ್ಟಿಮಾಡಿ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾಗಿ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಆಗಲೇ ತಜ್ಞವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಕೆಲವು ಚೂರುಗಳಿಗೆ ಇನ್ನೊಂದು ಬಗೆಯ ಬಣ್ಣದ ಪರೀಕ್ಷೆ ಬೇಕಾಗಿ ಮತ್ತಷ್ಟು ದಿನ ಹಿಡಿಯುತ್ತದೆ. ತಡವಾಯಿತೆಂದ ಮಾತ್ರಕ್ಕೆ ಕೆಟ್ಟದ್ದೆಂದು ಅರ್ಥವಲ್ಲ. ಮಾದರಿ ಕೊಟ್ಟು ಬರುವಾಗಲೇ ವರದಿ ಯಾವ ದಿನ, ಯಾರು ಹೇಳುತ್ತಾರೆ, ಯಾವ ನಂಬರಿಗೆ ಎಂದು ಕೇಳಿ ಬರೆದುಕೊಂಡರೆ ಅರ್ಧ ಸಂಕಟ ಕಡಿಮೆ. ಆ ದಿನದವರೆಗೆ ಫೋನು ಮನೆಯ ಇನ್ನೊಬ್ಬರ ಹತ್ತಿರ ಇರಲಿ.

ಆಕೆ ಆ ದಿನಗಳಲ್ಲಿ ಮಗ್ಗ ಬಿಡಲಿಲ್ಲ. ಬಳಗದವರು ‘ಆರಾಮ ಮಾಡು’ ಎಂದರೂ ಕೇಳಲಿಲ್ಲ. ‘ಮಗ್ಗದ ಮುಂದ ಕುಂತಾಗ ಎಳಿ ಹರೀತೇನೋ ಅನ್ನೂದೊಂದ ಚಿಂತಿ ಇರತೈತ್ರಿ, ಬ್ಯಾರೇದು ನೆನಪಾಗೂದಿಲ್ಲ’ ಎಂದಳು. ಅಮೆರಿಕದ ಮನಃಶಾಸ್ತ್ರಜ್ಞೆ ಕೇಟ್ ಸ್ವೀನಿ ವರ್ಷಗಟ್ಟಲೆ ಈ ಕಾಯುವಿಕೆಯನ್ನೇ ಅಧ್ಯಯನ ಮಾಡಿದ್ದಾರೆ. ವಕೀಲಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾದ 230 ಮಂದಿಯನ್ನು ಗಮನಿಸಿದಾಗ, ಚಿಂತೆ ತಗ್ಗಿಸಲು ಅವರು ಹೂಡಿದ ಉಪಾಯಗಳು ಹೆಚ್ಚಿನಂಶ ಕೈಕೊಟ್ಟಿದ್ದವು. ಮುಂದಿನ ಅಧ್ಯಯನಗಳಲ್ಲಿ ನೆರವಿಗೆ ಬಂದದ್ದು ಮೈಮರೆಸುವ ಕೆಲಸ: ತುಸು ಕಷ್ಟವಿರಬೇಕು, ಕೈಗೆ ನಿಲುಕುವಂತಿರಬೇಕು, ಮಾಡಿದ್ದು ಕಣ್ಣಿಗೆ ಕಾಣಬೇಕು. ಟಿ.ವಿ. ಮುಂದೆ ಕೂರುವುದರಿಂದ ಇದು ಸಿಗುವುದು ಕಷ್ಟ. ಕೌದಿ ಹೊಲಿಯುವುದು, ಕಳೆ ತೆಗೆಯುವುದು, ಹತ್ತು ಮಂದಿಗೆ ರೊಟ್ಟಿ ಬಡಿಯುವುದು, ಇವುಗಳಿಂದ ಸಿಗುತ್ತದೆ.

‘ಏನೂ ಆಗೂದಿಲ್ಲ ಬಿಡವಾ’ ಎನ್ನುವ ಸಮಾಧಾನ ನನಗೆ ಸರಿಬರುವುದಿಲ್ಲ. ಅದು ಅಂಜಿದವರ ಬಾಯಿ ಕಟ್ಟುತ್ತದೆ. ‘ಭಾಳ ಅಂಜಿಕಿ ಆಗೈತೇನ?’ ಎಂದು ಕೇಳಿ ಪಕ್ಕದಲ್ಲಿ ಕುಳಿತರೆ ಅವರು ತಾವಾಗಿಯೇ ಮಾತಾಡುತ್ತಾರೆ.

ಆ ನೇಕಾರ ಹೆಣ್ಣುಮಗಳ ವರದಿ ಬಂತು, ಕ್ಯಾನ್ಸರೇ ಆಗಿತ್ತು. ಮಗ ‘ಇನ್ನೂ ಬಂದಿಲ್ಲಬೇ’ ಎಂದು ತಾಯಿಗೆ ಹೇಳತೊಡಗಿದ. ಪ್ರೀತಿಯಿಂದಲೇ ಹೇಳಿದ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಆದರೆ ಆಕೆಯನ್ನು ಹಣ್ಣುಮಾಡಿದ್ದು ಆ ಕಾಯುವಿಕೆಯೇ ಅಲ್ಲವೇ? ಅದನ್ನೇ ಆತ ಲಂಬಿಸುತ್ತಿದ್ದ. ಡಾಕ್ಟರರೇ ಎದುರಿಗೆ ಕೂರಿಸಿಕೊಂಡು, ಇಂಥ ಚಿಕಿತ್ಸೆ, ಇಷ್ಟು ತಿಂಗಳು ಎಂದು ವಿವರಿಸಿದ ರಾತ್ರಿ ಆಕೆ ನಿದ್ದೆ ಮಾಡಿದಳು.

ತಾರೀಖೇ ಇಲ್ಲದ ಕಾಯುವಿಕೆಯೂ ಉಂಟು. ಮಹದಾಯಿ ನದಿಯ ನೀರಿನ ದಾರಿ ಕಾಯುವ ನರಗುಂದದವರಿಗೆ ಅದು ಚೆನ್ನಾಗಿ ಗೊತ್ತು. ಮಹದಾಯಿ ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ. ನರಗುಂದದಲ್ಲಿ ರೈತರು ಧರಣಿ ಕೂತದ್ದು 2015ರ ಜುಲೈನಲ್ಲಿ. 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಮನವಿ 2016ರ ಜುಲೈ 27ರಂದು ತಿರಸ್ಕೃತವಾದಾಗ ಈ ಸೀಮೆಯ ಸಿಟ್ಟು ಬೀದಿಗೆ ಬಂತು. 13.42 ಟಿಎಂಸಿ ಅಡಿಯ ತೀರ್ಪು 2018ರ ಆಗಸ್ಟ್ 14ಕ್ಕೆ, ಅಧಿಸೂಚನೆ 2020ರ ಫೆಬ್ರುವರಿಗೆ. ಮುಂದೆ ಅನುಮತಿಗಳ ದಾರಿ ಕಾಯುವುದು. ಧರಣಿಯಲ್ಲಿದ್ದ ಹಿರಿಯರೊಬ್ಬರು ಬಿ.ಪಿ. ನೋಡಿಸಿಕೊಳ್ಳುತ್ತ, ‘ಮನ್ಯಾಗ ಒಬ್ಬನ ಕುಂತ್ರ ತಲಿ ಕೆಡತೈತ್ರಿ, ಇಲ್ಲಿ ನಾಕ ಮಂದಿ ಕೂಡಿ ಕಾಯತೇವಿ’ ಎಂದಿದ್ದರು. ನೀರು ತರಿಸುವ ಶಕ್ತಿ ನಮ್ಮ ಇಲಾಖೆಗಿಲ್ಲ. ಕಾಯುವವರನ್ನು ಒಂಟಿ ಬಿಡದಿರುವುದು ಮಾತ್ರ ಎಲ್ಲರ ಕೈಯಲ್ಲೂ ಇದೆ.

ಹೀಗೆ ಕಾಯುತ್ತ ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ‘ಸಾಕಾಗೈತಿ’ ಎಂಬ ಮಾತು ಬಾಯಿಂದ ಬಂದರೆ ತಡಮಾಡಬೇಡಿ. 2022ರ ಅಕ್ಟೋಬರ್‌ನಿಂದ ಇರುವ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ತೋರಿಸಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ, ನಡೆದಿರುವ ಗುಳಿಗೆಗಳ ಚೀಟಿಯನ್ನೂ ತೆಗೆದುಕೊಳ್ಳಿ.